ಪುಣೆಯಲ್ಲಿ ಮನೆ ನೋಡುವುದಾದರೆ ಗುರುವಾರ ನೋಡಿ

ಭಾನುವಾರ ಬೆಳಗ್ಗೆ ನೋಡಿದರೆ ಪುಣೆಯ ಎಲ್ಲ ಫ್ಲ್ಯಾಟುಗಳೂ ಚೆಂದ. ನಲ್ಲಿಯಲ್ಲಿ ನೀರು, ನೆತ್ತಿಯ ಮೇಲೆ ಫ್ಯಾನು, ಬಾಲ್ಕನಿಯಲ್ಲಿ ಗಾಳಿ. ಮನೆಯಿಂದಲೇ ಕೆಲಸ ಮಾಡುವವರು ಮಾತ್ರ ಗುರುವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹೋಗಬೇಕು. ಕರೆಂಟಿನ ಮಹಾವಿತರಣ ಕಂಪನಿ ಲೈನ್ ದುರಸ್ತಿಗೆ ಸಾಮಾನ್ಯವಾಗಿ ಇಟ್ಟುಕೊಂಡಿರುವ ದಿನ ಅದು. ಮಹಾನಗರಪಾಲಿಕೆ ಪರ್ವತಿ, ಲಷ್ಕರ್ ಮುಂತಾದ ಜಲಕೇಂದ್ರಗಳ ಕೆಲಸಕ್ಕೆ ನೀರು ನಿಲ್ಲಿಸುವುದೂ ಹೆಚ್ಚಾಗಿ ಅಂದೇ. ಪ್ರತಿ ವಾರ, ಪ್ರತಿ ಏರಿಯಾಕ್ಕೂ ಹೀಗಾಗುವುದಿಲ್ಲ. ಆದರೆ ಆದಾಗ ಆ ಬಿಲ್ಡಿಂಗ್ ಹೇಗೆ ನಡೆಯುತ್ತದೆ ಎಂಬುದು ಅವತ್ತೇ ಗೊತ್ತಾಗುವುದು.

ಏಜೆಂಟ್ 'ಬ್ಯಾಕಪ್ ಇದೆ' ಎಂದರೆ, ಯಾವುದಕ್ಕೆ ಎಂದು ಕೇಳಿ. ಬಹಳ ಸೊಸೈಟಿಗಳಲ್ಲಿ, ಅಂದರೆ ಫ್ಲ್ಯಾಟಿನವರ ಸಂಘ ನಡೆಸುವ ಬಿಲ್ಡಿಂಗುಗಳಲ್ಲಿ, ಜನರೇಟರ್ ಇರುವುದು ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳಿಗೆ ಮಾತ್ರ, ಫ್ಲ್ಯಾಟಿನೊಳಗೆ ಕತ್ತಲೆಯೇ. ಹಾಗಿದ್ದರೆ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಬೇಕು. ಲ್ಯಾಪ್‌ಟಾಪು, ಮಾನಿಟರು, ರೂಟರು, ಒಂದು ಫ್ಯಾನು ಸೇರಿ 170 ವ್ಯಾಟ್ ಹಿಡಿದರೂ ಆರು ತಾಸು ನಿಶ್ಚಿಂತೆ. ಮನೆ ಮಾಲೀಕರು ವೈರಿಂಗ್ ಮುಟ್ಟಬೇಡಿ ಎಂದರೆ ರೂಟರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಆದರೂ ಇರಲಿ.

ಇಲ್ಲೊಂದು ಗುಟ್ಟಿದೆ. ರೂಟರ್ ಉರಿಯುತ್ತಿದ್ದರೂ ನೆಟ್ ಸತ್ತಿರುತ್ತದೆ. ಗಲ್ಲಿಯ ಕೇಬಲ್‌ನವರ ಕನೆಕ್ಷನ್ನಿನಲ್ಲಿ ಬಹಳ ಸಲ ಮೆಟ್ಟಿಲ ಮೂಲೆಯಲ್ಲೋ ಟೆರೇಸಿನಲ್ಲೋ ಮನೆಮನೆಗೆ ನೆಟ್ ಹಂಚುವ ಒಂದು ಸ್ವಿಚ್ ಪೆಟ್ಟಿಗೆ ನೇತಾಡುತ್ತಿರುತ್ತದೆ. ಅಲ್ಲಿಂದ ತಾಮ್ರದ ಲ್ಯಾನ್ ವೈರ್ ಮನೆಗೆ ಬರುತ್ತದೆ. ಬಿಲ್ಡಿಂಗಿನ ಕರೆಂಟ್ ಹೋದರೆ ಆ ಪೆಟ್ಟಿಗೆಯೂ ಮಲಗುತ್ತದೆ. ಫೈಬರ್ ಎಳೆಯೇ ನೇರ ನಿಮ್ಮ ಗೋಡೆಯವರೆಗೆ ಬಂದಿದ್ದರೆ ನಡುವೆ ಬಿಲ್ಡಿಂಗಿನ ಕರೆಂಟಿನ ಹಂಗಿಲ್ಲ. ಆದ್ದರಿಂದ ಕಂಪನಿಯ ಹೆಸರಿಗಿಂತ, ಬಾಗಿಲ ಬಳಿ ಬಂದಿರುವುದು ಫೈಬರೋ ಲ್ಯಾನ್ ವೈರೋ ಎಂದು ನೋಡಿ. ಬೇರೆ ಕಂಪನಿಯ ವೈರ್ ಎಳೆಯಲು ಸೊಸೈಟಿ ಬಿಡುತ್ತದೆಯೇ ಎಂಬುದನ್ನು ಸೆಕ್ರೆಟರಿಯನ್ನೇ ಕೇಳಬೇಕು, ಏಜೆಂಟನ್ನಲ್ಲ. ಮೇಜು ಹಾಕುವ ಕೋಣೆಯಲ್ಲೇ ಬಾಗಿಲು ಮುಚ್ಚಿ ಎರಡು ಸಿಮ್‌ಗಳ ಸ್ಪೀಡ್ ನೋಡಿಕೊಳ್ಳಿ.

ನೀರಿನ ವಿಷಯವನ್ನು ಮಾಲೀಕರಿಗಿಂತ ಕೆಳಗಿನ ಇಸ್ತ್ರಿಯವರು ಸರಿಯಾಗಿ ಹೇಳುತ್ತಾರೆ. 'ಪಾಣೀ ಕಧೀ ಯೇತಂ?' (ನೀರು ಯಾವಾಗ ಬರುತ್ತೆ?) ಎಂಬಷ್ಟು ಮರಾಠಿ ಸಾಕು. ವಾಚ್‌ಮನ್ ಕಲಬುರಗಿ, ಯಾದಗಿರಿ ಕಡೆಯವರಾಗಿದ್ದರೆ ಅದೂ ಬೇಡ, ಕನ್ನಡದಲ್ಲೇ ಮಾತಾಡಿಸಿ. ಪಿಂಪ್ರಿ-ಚಿಂಚವಡ ಪಾಲಿಕೆ 2019ರ ನವೆಂಬರಿನಿಂದ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ತಂದಿತು. ವಾಕಡ, ಪಿಂಪಳೆ ಸೌದಾಗರ ಬರುವುದು ಆ ಪಾಲಿಕೆಗೇ. ವಾಘೋಲಿ 2021ರಲ್ಲಷ್ಟೇ ಪುಣೆ ಪಾಲಿಕೆಗೆ ಸೇರಿದ ಹಳ್ಳಿ, ಅಲ್ಲಿ ಟ್ಯಾಂಕರೇ ದೇವರು. ಏಪ್ರಿಲ್-ಮೇ ತಿಂಗಳ ಮೇಂಟೆನೆನ್ಸ್ ಬಿಲ್ ತೋರಿಸಿ ಎಂದು ಕೇಳಿ. ಟ್ಯಾಂಕರಿನ ಖರ್ಚು ಯಾರ ತಲೆಗೆ ಎಂಬುದು ಕರಾರಿನಲ್ಲಿ ಬರೆದಿರಬೇಕು.

ಇನ್ನು ಏರಿಯಾ. ಹಿಂಜವಡಿಯ ಸುತ್ತ ನೀವು ಕೊಡುವ ಬಾಡಿಗೆಯಲ್ಲಿ ಐಟಿ ಪಾರ್ಕ್ ಹತ್ತಿರವಿರುವುದರ ಬೆಲೆಯೂ ಸೇರಿದೆ. ಆಫೀಸಿಗೇ ಹೋಗದವರು ಆ ದುಡ್ಡನ್ನೂ ಟ್ರಾಫಿಕ್ಕನ್ನೂ ಯಾಕೆ ಹೊರಬೇಕು? ಬಾಣೇರ್, ಬಾಲೇವಾಡಿಯಲ್ಲಿ ಹೊಸ ಟವರುಗಳು, ಜನರೇಟರು, ಕೂತು ಕೆಲಸ ಮಾಡಲು ಕೆಫೆಗಳು. ಬಾಡಿಗೆ ಜಾಸ್ತಿ, ಬೇಸಿಗೆಯಲ್ಲಿ ಟ್ಯಾಂಕರು. ನಮ್ಮ ಮತ ಕೋಥ್ರೂಡ್, ಕರ್ವೇನಗರ, ಎರಂಡವಣೆ ಪಟ್ಟಿಗೆ. ಹಳೆಯ ಕಟ್ಟಡಗಳು, ಹಲವಕ್ಕೆ ಲಿಫ್ಟಿಲ್ಲ, ಜನರೇಟರಂತೂ ಅಪರೂಪ. ಆದರೆ ಪಾಲಿಕೆಯ ನೀರಿದೆ, ಮರದ ನೆರಳಿದೆ, ವನಾಜ್‌ನಿಂದ ರಾಮವಾಡಿಯವರೆಗೆ ಮೆಟ್ರೊ ಇದೆ. ಮಕ್ಕಳಿದ್ದವರಿಗೆ ಎರಂಡವಣೆಯಲ್ಲಿ ಕನ್ನಡ ಸಂಘದ ಶಾಲೆಯೂ ಉಂಟು. ಇನ್ವರ್ಟರ್ ಒಂದು ಕೊಂಡರೆ ಕೊರತೆ ನೀಗಿತು.

ಹಗಲಿಡೀ ಕಾಲ್‌ಗಳಲ್ಲಿರುವವರು ಸದ್ದನ್ನೂ ಲೆಕ್ಕ ಹಾಕಬೇಕು. ಲೋಹಗಾಂವ್ ವಾಯುಪಡೆಯ ನೆಲೆ. ಸುಖೋಯ್ ಏರಿದಾಗ ವಿಮಾನನಗರದಲ್ಲಿ ಮ್ಯೂಟ್ ಒತ್ತದೆ ಗತಿಯಿಲ್ಲ. ಮ್ಹಾತ್ರೆ ಸೇತುವೆಯಿಂದ ರಾಜಾರಾಮ್ ಸೇತುವೆವರೆಗಿನ ಡಿಪಿ ರಸ್ತೆಯುದ್ದಕ್ಕೂ ಮದುವೆ ಲಾನ್‌ಗಳು. ಆ ಹೊಳೆದಂಡೆಯಲ್ಲಿ ಗಣಪತಿಗೆ ವಾರಗಟ್ಟಲೆ ಮೊದಲೇ ಢೋಲ್-ತಾಶಾ ಅಭ್ಯಾಸ ಶುರುವಾಗುತ್ತದೆ, ಅದೂ ಸಂಜೆ, ಸರಿಯಾಗಿ ಅಮೆರಿಕದವರು ಮೀಟಿಂಗಿಗೆ ಕೂರುವ ಹೊತ್ತಿಗೆ. ಸಿಂಹಗಡ ರಸ್ತೆಯಲ್ಲಿ ಹೊಳೆಗೆ ಅಂಟಿದ ನೆಲಮಹಡಿ ಅಗ್ಗಕ್ಕೆ ಸಿಕ್ಕರೂ ಬೇಡ. ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ, 2024ರ ಜುಲೈ 25ರಂದು, ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತ್ತು.

ಊರಿನ ದಿಕ್ಕನ್ನೂ ನೋಡಿ. ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ವಾರಜೆ, ಬಾವಧನ್, ಕಾತ್ರಜ್ ಅನುಕೂಲ. ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ, ರಾತ್ರಿ ಬಸ್ಸು ಅಲ್ಲೇ ಹತ್ತಬಹುದು. ಕಲಬುರಗಿ ಕಡೆಯವರಿಗೆ ಸೋಲಾಪುರ ರಸ್ತೆಯ ಹಡಪ್ಸರ. ಶುಕ್ರವಾರ ಸಂಜೆ ಊರನ್ನು ಅಡ್ಡಡ್ಡ ದಾಟಿದವರಿಗೆ ಇದರ ಬೆಲೆ ಗೊತ್ತು.

ಮನೆ ಒಪ್ಪಿಗೆಯಾದರೆ 11 ತಿಂಗಳ 'ಲೀವ್ ಅಂಡ್ ಲೈಸೆನ್ಸ್' ಕರಾರು. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ 55ನೇ ಕಲಮಿನಂತೆ ಇದು ನೋಂದಣಿಯಾಗಲೇಬೇಕು, ಮಾಡಿಸುವ ಹೊಣೆ ಮಾಲೀಕರದು. ನೋಟರಿ ಕಾಗದ ಸಾಕು ಎಂದವರನ್ನು ನಂಬಬೇಡಿ. ಆಧಾರ್ ಹೆಬ್ಬೆಟ್ಟಿನಿಂದ ಮನೆಯಲ್ಲೇ ಆನ್‌ಲೈನ್ ನೋಂದಣಿ ಮುಗಿಯುತ್ತದೆ. ಮುದ್ರಾಂಕ ಶುಲ್ಕದ ಲೆಕ್ಕ ಹೀಗೆ: ಒಟ್ಟು ಬಾಡಿಗೆಗೆ ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ. 10ರ ಬಡ್ಡಿ ಸೇರಿಸಿ, ಬಂದ ಮೊತ್ತದ ಶೇ. 0.25. ತಿಂಗಳಿಗೆ 25,000, ಡಿಪಾಸಿಟ್ 75,000 ಆದರೆ ಶುಲ್ಕ 700ರ ಆಸುಪಾಸು. ನಗರದಲ್ಲಿ ನೋಂದಣಿಗೆ 1,000 ಬೇರೆ. ಏಜೆಂಟ್ ಇದಕ್ಕೇ ಐದಾರು ಸಾವಿರ ಹೇಳಿದರೆ ಬಿಡಿಸಿ ಲೆಕ್ಕ ಕೇಳಿ. ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ನಡೆಯುವುದಿಲ್ಲ, ಎರಡು-ಮೂರು ತಿಂಗಳದ್ದು ವಾಡಿಕೆ. ನೋಂದಣಿಯ ನಂತರ ಬಾಡಿಗೆದಾರರ ಮಾಹಿತಿ ಪೊಲೀಸರಿಗೆ ಹೋಗಬೇಕು, ಅದೂ ಆನ್‌ಲೈನೇ.

ಕೀಲಿ ಕೈಗೆ ಬಂದ ದಿನ ಮೀಟರಿನ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ. ಲೈಟ್ ಬಿಲ್ಲಿನ ಮೇಲಿರುವ 12 ಅಂಕಿಯ ಗ್ರಾಹಕ ಸಂಖ್ಯೆ ಬರೆದುಕೊಂಡು ಹಳೆಯ ಬಾಕಿ ಇದೆಯೇ ನೋಡಿ. ಗುರುವಾರದ ಕರೆಂಟ್ ಕಡಿತದ ಮೆಸೇಜು ಮಾಲೀಕರ ಫೋನಿಗೆ ಬರುತ್ತಿರುತ್ತದೆ, ಅವರು ಓದುವುದೂ ಇಲ್ಲ. ಅವರನ್ನು ಒಪ್ಪಿಸಿ ಆ ಸಂಖ್ಯೆಗೆ ನಿಮ್ಮ ಮೊಬೈಲ್ ಜೋಡಿಸಿಕೊಳ್ಳಿ.