ಕಚೇರಿಯಲ್ಲಿ ಬರೆದದ್ದು ಮನೆಯಲ್ಲೂ ಸಿಗಲಿ

‘ವರದಿ’, ‘ವರದಿ ಹೊಸದು’, ‘ವರದಿ ಕೊನೆಯದು’, ‘ವರದಿ ಕೊನೆಯದು 2’. ಪೆನ್‌ಡ್ರೈವ್ ನಂಬಿಕೊಂಡಿದ್ದ ಕಾಲದಲ್ಲಿ ನನ್ನ ಕಡತಗಳ ಸಂತಾನ ಹೀಗೆ ಬೆಳೆದಿತ್ತು. ಒಂದು ಸಂಜೆ ಹಳೆಯದನ್ನು ಹೊಸದರ ಮೇಲೆ ಹಾಕಿ, ಇಡೀ ಮಧ್ಯಾಹ್ನದ ಬರಹವನ್ನು ನನ್ನ ಕೈಯಾರೆ ಅಳಿಸಿದೆ. ಆಮೇಲೆ ಕಚೇರಿ, ಮನೆಯ ಕಂಪ್ಯೂಟರ್‌ಗಳ ನಡುವೆ ಕಡತ ಸಾಗಿಸುವ ಈ ಕೆಲಸವನ್ನು ಸಿಂಕ್‌ಥಿಂಗ್‌ಗೆ ಒಪ್ಪಿಸಿದೆ.

ಇದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಒಗ್ಗುತ್ತದೆ. ಕಡತಗಳು ಯಾರದೋ ಸರ್ವರ್‌ನಲ್ಲಿ ಕೂರುವುದಿಲ್ಲ; ಗೂಢಲಿಪಿಯ ರೂಪದಲ್ಲಿ ನಿಮ್ಮ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುತ್ತವೆ.

ಮೊದಲು ಎರಡರಲ್ಲೂ ಇದನ್ನು ಅಳವಡಿಸಿಕೊಳ್ಳಿ. ಕಚೇರಿಯ ಯಂತ್ರವಾದರೆ ಅಲ್ಲಿನವರ ಅನುಮತಿ ಬೇಕು. ಬ್ರೌಸರ್‌ನಲ್ಲಿ 127.0.0.1:8384 ಎಂದು ಕೊಟ್ಟರೆ ಇದರ ಪುಟ ತೆರೆಯುತ್ತದೆ. ‘ಆಕ್ಷನ್ಸ್’ನಲ್ಲಿ ‘ಶೋ ಐಡಿ’ ಒತ್ತಿ. ಕಾಣುವ ಉದ್ದನೆಯ ಐಡಿಯನ್ನು ನಕಲಿಸಿಕೊಂಡು, ಇನ್ನೊಂದು ಕಂಪ್ಯೂಟರಿನ ‘ಆಡ್ ರಿಮೋಟ್ ಡಿವೈಸ್’ನಲ್ಲಿ ಹಾಕಿ. ಮೊದಲನೆಯದು ಒಪ್ಪಿಗೆ ಕೇಳುತ್ತದೆ, ಕೊಡಿ. ಎರಡೂ ಕಡೆ ಒಪ್ಪದೆ ಏನೂ ಹರಿಯುವುದಿಲ್ಲ. ಆದ್ದರಿಂದ ಐಡಿ ಬೇರೆಯವರ ಕಣ್ಣಿಗೆ ಬಿತ್ತೆಂದು ಗಾಬರಿ ಬೇಡ.

ಈಗ ಫೋಲ್ಡರ್. ಇಡೀ ಡೆಸ್ಕ್‌ಟಾಪ್ ಕೊಡುವ ಆಸೆ ಬಿಡಿ. ‘ಟಿಪ್ಪಣಿ’ ಎಂಬ ಒಂದೇ ಫೋಲ್ಡರ್ ಸಾಕು. ಅದನ್ನು ಸೇರಿಸಿ, ‘ಶೇರಿಂಗ್’ನಲ್ಲಿ ಇನ್ನೊಂದು ಕಂಪ್ಯೂಟರಿಗೆ ಗುರುತು ಹಾಕಿ. ಆ ಕಡೆ ಸೂಚನೆ ಬಂದಾಗ ಖಾಲಿ ಫೋಲ್ಡರ್ ಒಂದನ್ನು ತೋರಿಸಿ.

ತೊಡಕು ಇರುವುದು ಇನ್ನು ಮುಂದೆ. ಎರಡೂ ಕಂಪ್ಯೂಟರ್‌ಗಳು ಒಂದೇ ಹೊತ್ತಿಗೆ ಚಾಲೂ ಇದ್ದರಷ್ಟೇ ಕಡತ ದಾಟುತ್ತದೆ. ಸಂಜೆ 6ಕ್ಕೆ ಕಚೇರಿಯಲ್ಲಿ ಎರಡು ಸಾಲು ಸೇರಿಸಿ ಯಂತ್ರ ಆರಿಸಿದಿರಿ; ಮನೆಯ ಲ್ಯಾಪ್‌ಟಾಪ್ ಆಗ ನಿದ್ದೆಯಲ್ಲಿತ್ತು. ರಾತ್ರಿ ಅದರಲ್ಲಿದ್ದ ಹಳೆಯ ಪ್ರತಿಗೆ ಮೂರು ಸಾಲು ಬರೆದಿರಿ. ಮರುದಿನ ಎರಡೂ ಎದುರಾದಾಗ ಸಿಂಕ್‌ಥಿಂಗ್ ನ್ಯಾಯ ತೀರ್ಮಾನಕ್ಕೆ ಕೂರುವುದಿಲ್ಲ. ಕೊನೆಗೆ ಬದಲಾದ ರಾತ್ರಿಯ ಪ್ರತಿಗೆ ಹೆಸರು ಉಳಿಯುತ್ತದೆ. ಸಂಜೆಯದಕ್ಕೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಬಾಲ, ಅದರ ನಂತರ ದಿನಾಂಕ, ಸಮಯ. ಅದನ್ನು ಕಸವೆಂದು ಅಳಿಸಬೇಡಿ. ನಿಮ್ಮ ಆ ಎರಡು ಸಾಲು ಇರುವುದು ಅದರಲ್ಲೇ. ಎರಡನ್ನೂ ಅಕ್ಕಪಕ್ಕ ತೆರೆದು ಜೋಡಿಸಿದ ಮೇಲೆ ಅಳಿಸಬಹುದು. ಈ ಕಾಟ ತಪ್ಪಿಸಲು ನಾನು ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಮೂರನೆಯವನಾಗಿ ಸೇರಿಸಿ, ಸದಾ ಚಾಲೂ ಇಟ್ಟಿದ್ದೇನೆ.

ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ ಎಂಬುದು ಇನ್ನೊಂದು ಅಪಾಯ. ಫೋಲ್ಡರಿನ ‘ಎಡಿಟ್’ನಲ್ಲಿ, ಹಳೆಯ ಪ್ರತಿಗಳನ್ನು ಉಳಿಸುವ ‘ಫೈಲ್ ವರ್ಷನಿಂಗ್’ಗೆ ಹೋಗಿ ‘ಸ್ಟ್ಯಾಗರ್ಡ್’ ಆರಿಸಿ. ಬೇರೆ ಯಂತ್ರದಿಂದ ಬಂದ ಬದಲಾವಣೆಗೆ ಮುಂಚಿನ ಪ್ರತಿಯನ್ನಷ್ಟೇ ಇದು ಎತ್ತಿಡುವುದರಿಂದ ಎಲ್ಲ ಕಂಪ್ಯೂಟರ್‌ಗಳಲ್ಲೂ ಮಾಡಬೇಕು.

ಕನ್ನಡದವರಿಗೆ ಒಂದು ಮಾತು: ಟಿಪ್ಪಣಿ ಯುನಿಕೋಡ್‌ನಲ್ಲಿರಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದು ಸರಿಯಾಗಿಯೇ ತಲುಪುತ್ತದೆ, ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಾನಂತೂ ಅದನ್ನು ಮೊದಲ ಸಲ ಕಂಡಾಗ ಸಿಂಕ್‌ಥಿಂಗ್ ಅನ್ನೇ ಬೈದಿದ್ದೆ.