ಅಮೆರಿಕದಲ್ಲಿ "ಅಪೀಲಿನಲ್ಲಿ ನೋಡಿಕೊಳ್ಳೋಣ" ಅನ್ನುವ ಮುಂಚೆ

ಇಲ್ಲಿ ನಮ್ಮವರ ಮೇಲೆ ಕ್ರಿಮಿನಲ್ ಕೇಸು ಬಿದ್ದಾಗ ಮನೆಯವರು ಹೇಳುವುದು ಒಂದೇ ಮಾತು: "ಈ ಕೋರ್ಟಿನಲ್ಲಿ ಸೋತರೂ ಅಪೀಲಿನಲ್ಲಿ ನೋಡಿಕೊಳ್ಳೋಣ." ಊರಿನಲ್ಲಿ ಈ ಮಾತಿಗೆ ಅರ್ಥವಿದೆ. ಶಿಕ್ಷೆಯ ವಿರುದ್ಧ ಅಪೀಲು ಹೋದರೆ ನಮ್ಮ ಹೈಕೋರ್ಟು ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡುತ್ತದೆ. ಅಮೆರಿಕದಲ್ಲಿ ಯಾರನ್ನು ನಂಬಬೇಕು ಅನ್ನುವುದು ಜ್ಯೂರಿಯ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪಿನ ಕೆಲಸ. ಅಪೀಲು ಕೋರ್ಟು ಮುಖ್ಯವಾಗಿ ಕಾನೂನಿನ ತಪ್ಪು ಹುಡುಕುತ್ತದೆ.

ಅಂಥ ತಪ್ಪು ಸಿಗುವ ಒಂದು ಜಾಗ, ಜ್ಯೂರಿಗೆ ಜಡ್ಜ್ ಓದಿ ಹೇಳುವ ಸೂಚನೆಗಳು. ಅಪರಾಧ ಸಾಬೀತಾಗಲು ಸರ್ಕಾರ ಏನೇನು ತೋರಿಸಬೇಕು ಅಂತ ಅದರಲ್ಲಿರುತ್ತದೆ.

ರೆಹೈಫ್ ಕೇಸು ನೋಡಿ. ಸ್ಟೂಡೆಂಟ್ ವೀಸಾದಲ್ಲಿ ಫ್ಲೋರಿಡಾಗೆ ಬಂದ ಹುಡುಗ. ಗ್ರೇಡ್ ಕುಸಿದು ಯೂನಿವರ್ಸಿಟಿ ಹೊರಹಾಕಿತು. ಆಮೇಲೆ ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹಾರಿಸಿದ. ಅಕ್ರಮವಾಗಿ ದೇಶದಲ್ಲಿರುವವರು ಬಂದೂಕು ಹಿಡಿಯುವುದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನಡಿಯ ಅಪರಾಧ. ತನ್ನ ವಾಸ ಅಕ್ರಮ ಅಂತ ಅವನಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕಿಲ್ಲ ಅಂತ ಜಡ್ಜ್ ಜ್ಯೂರಿಗೆ ಹೇಳಿದರು. ಅವನ ವಕೀಲರು ಅಲ್ಲೇ ಆಕ್ಷೇಪ ಎತ್ತಿದರು. 18 ತಿಂಗಳ ಶಿಕ್ಷೆಯಾಯಿತು. 2019ರಲ್ಲಿ ಸುಪ್ರೀಂ ಕೋರ್ಟು 7-2ರಿಂದ ಆ ಸೂಚನೆ ತಪ್ಪು ಅಂದಿತು. ಕೈಯಲ್ಲಿರುವುದು ಬಂದೂಕು ಅಂತ ಗೊತ್ತಿದ್ದರೆ ಸಾಲದು, ತಾನು ಅದನ್ನು ಹಿಡಿಯಬಾರದವರ ಗುಂಪಿಗೆ ಸೇರಿದವನು ಅಂತಲೂ ಗೊತ್ತಿರಬೇಕು.

ಎರಡು ವರ್ಷದ ನಂತರ ಅದೇ ಕಾನೂನಿನಡಿ ಗ್ರೀರ್ ಕೇಸು ಬಂತು. ಹಿಂದೆ ಶಿಕ್ಷೆಯಾದವನ ಕೈಯಲ್ಲಿ ಬಂದೂಕು. ಸೂಚನೆಯಲ್ಲಿ ಅದೇ ಕೊರತೆ. ಆದರೆ ವಿಚಾರಣೆಯಲ್ಲಿ ಅವನ ಕಡೆಯವರು ಆಕ್ಷೇಪ ಎತ್ತಿರಲಿಲ್ಲ. ಹಾಗಾದಾಗ ಅಳತೆಗೋಲೇ ಬದಲಾಗುತ್ತದೆ: ಸೂಚನೆ ಸರಿಯಿದ್ದಿದ್ದರೆ ತೀರ್ಪು ಬೇರೆಯಾಗುವ ಸಾಧ್ಯತೆ ಇತ್ತು ಅಂತ ಅಪೀಲು ಹಾಕಿದವನೇ ತೋರಿಸಬೇಕು. ಗ್ರೀರ್‌ಗೆ ಅದು ಆಗಲಿಲ್ಲ, ಸೋತ.

ನನಗೆ ಗೊತ್ತಿರುವ ಒಂದು ಕುಟುಂಬ ಉಳಿತಾಯವನ್ನೆಲ್ಲ ಸುರಿದು ದೊಡ್ಡ ಅಪೀಲು ವಕೀಲರನ್ನು ಹಿಡಿಯಿತು. ಅವರು ಮೊದಲು ತೆರೆದದ್ದು ಸೂಚನೆಗಳ ಚರ್ಚೆ ನಡೆದ ದಿನದ ದಾಖಲೆ. "ಆಕ್ಷೇಪ ಇದೆಯಾ?" ಅಂತ ಜಡ್ಜ್ ಕೇಳಿದ್ದಾರೆ. "ಇಲ್ಲ" ಅಂತ ಹಳೆಯ ವಕೀಲರು ಹೇಳಿದ್ದಾರೆ. ಇದ್ದ ಗಟ್ಟಿ ವಾದದ ಬಲ ಅಲ್ಲೇ ಹೋಗಿತ್ತು. ವಕೀಲರ ಮೌನಕ್ಕೆ ಆರೋಪಿ ಜೈಲಿನಲ್ಲಿ ಕೂರುವುದು ಅನ್ಯಾಯ. ಈ ವಿಷಯದಲ್ಲಿ ಊರಿನ ಪದ್ಧತಿಯೇ ಮೇಲು ಅಂತ ನಾನು ಖಂಡಿತ ಹೇಳುತ್ತೇನೆ.

ಹಾಗಾಗಿ ವಿಚಾರಣೆ ಇನ್ನೂ ನಡೆಯುತ್ತಿರುವಾಗಲೇ ವಕೀಲರನ್ನು ಕೇಳಿ: ಸೂಚನೆಗಳ ಕರಡು ಓದಿದ್ದೀರಾ? ನಮ್ಮ ಕಡೆಯ ಸೂಚನೆ ಬರೆದುಕೊಟ್ಟಿದ್ದೀರಾ? ಫೆಡರಲ್ ಕೋರ್ಟಿನಲ್ಲಿ ಜ್ಯೂರಿ ಚರ್ಚೆಗೆ ಎದ್ದು ಹೋಗುವ ಮುಂಚೆಯೇ, ಕಾರಣ ಬಿಡಿಸಿ ಹೇಳಿ, ದಾಖಲೆಗೆ ಬರುವಂತೆ ಆಕ್ಷೇಪ ಎತ್ತಬೇಕು. ಸುಮ್ನೆ "ಒಪ್ಪುವುದಿಲ್ಲ" ಅಂದರೆ ಸಾಲದು.

ಒಂದು ವಿಷಯದಲ್ಲಿ ಇಲ್ಲಿಯದು ಒಳ್ಳೆಯದು. ಜ್ಯೂರಿ ನಿರಪರಾಧಿ ಅಂದರೆ ಸರ್ಕಾರ ಅಪೀಲು ಹೋಗುವಂತಿಲ್ಲ. ಊರಿನಲ್ಲೂ ಜ್ಯೂರಿ ಇದ್ದ ಕಾಲದ ನಾನಾವತಿ ಕೊಲೆ ಕೇಸಿನಲ್ಲಿ ಜ್ಯೂರಿ 8-1ರಿಂದ ನಿರಪರಾಧಿ ಅಂದರೂ ಬಾಂಬೆ ಹೈಕೋರ್ಟು ಶಿಕ್ಷೆ ಕೊಟ್ಟಿತು ಅಲ್ವಾ, ಅಂಥದ್ದು ಇಲ್ಲಿ ನಡೆಯದು.

ಫೆಡರಲ್ ಕೇಸಿನಲ್ಲಿ ಅಪೀಲಿನ ನೋಟಿಸಿಗೆ ಆರೋಪಿಗೆ ಸಿಗುವುದು 14 ದಿನ. ತಪ್ಪೊಪ್ಪಿಗೆಯ ಒಪ್ಪಂದದಲ್ಲಿ ಅಪೀಲಿನ ಹಕ್ಕನ್ನೇ ಬಿಟ್ಟುಕೊಡುವ ಸಾಲು ಎಷ್ಟೋ ಸಲ ಇರುತ್ತದೆ. ಸಹಿ ಮಾಡುವ ಮುಂಚೆ ಓದಿ, ವೀಸಾಗೆ ಏನಾಗುತ್ತದೆ ಅಂತ ವಕೀಲರನ್ನು ಕೇಳಿ. ಗಡೀಪಾರಿನ ಅಪಾಯ ತಿಳಿಸುವುದು ಅವರ ಕರ್ತವ್ಯ ಅಂತ 2010ರ ಪಡಿಯಾ ತೀರ್ಪು ಹೇಳಿದೆ. ಇನ್ನು ಶೂಟಿಂಗ್ ರೇಂಜು. ಎಚ್-1ಬಿ, ಎಫ್-1 ವೀಸಾ ನೆಟ್ಟಗಿದ್ದರೂ, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಮುಟ್ಟುವುದು ಅಪರಾಧ. ಗೆಳೆಯರು ಕರೆದರೂ ಹೋಗಬೇಡಿ.