ಕರೆಂಟ್ ಕಂಪನಿಯ ಸಾಫ್ಟ್‌ವೇರ್ ಕ್ಲೌಡ್‌ಗೆ ಹೋಗಬೇಕಾ? ನಾವು ಲೆಕ್ಕ ಹಾಕಿದ ರೀತಿ

ನಮ್ಮ ವಿದ್ಯುತ್ ಕಂಪನಿಯಲ್ಲಿ ಕ್ಲೌಡ್ (ಅಂದರೆ ಬೇರೆ ಕಂಪನಿಯ ಸರ್ವರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವ) ಮಾತು ಎದ್ದದ್ದು ಹೊಸ ತಂತ್ರಜ್ಞಾನದ ಮೇಲಿನ ಆಸೆಯಿಂದಲ್ಲ. ಡೇಟಾ ಸೆಂಟರ್‌ನ ಸರ್ವರ್‌ಗಳ ವಾರಂಟಿ ಮುಗಿಯುತ್ತಾ ಬಂದಿತ್ತು. ಹೊಸದು ಕೊಳ್ಳಲು ಫೈಲ್ ಕಳಿಸಿದೆವು. ಅದು ಒಂದೇ ಸಾಲಿನ ಷರಾ ಹೊತ್ತು ವಾಪಸ್ ಬಂತು: ‘ಕ್ಲೌಡ್ ಯಾಕೆ ಬೇಡ, ವಿವರಿಸಿ.’ ಆ ವಿವರ ಬರೆಯುವ ತಂಡದಲ್ಲಿ ನಾನೂ ಇದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ. ಕರ್ನಾಟಕದ ಯಾವುದೇ ಎಸ್ಕಾಂನಲ್ಲಿ (ವಿದ್ಯುತ್ ಸರಬರಾಜು ಕಂಪನಿಯಲ್ಲಿ) ಐಟಿ ಕೆಲಸ ನೋಡಿದವರಿಗೆ ಇದರಲ್ಲಿ ಅರ್ಧ ಗೊತ್ತಿರುವುದೇ.

ಸುದ್ದಿ ಹೊರಗೆ ಹೋಗುತ್ತಿದ್ದಂತೆ ಮಾರಾಟದವರು ಬಂದರು. ಒಬ್ಬೊಬ್ಬರದೂ ಒಂದೊಂದು ಸ್ಲೈಡ್ ಶೋ. ಎಲ್ಲರ ಲೆಕ್ಕವೂ ಒಂದೇ ಥರ: ನಿಮ್ಮಲ್ಲಿ ಎಷ್ಟು ಸರ್ವರ್ ಇದೆ, ಅಷ್ಟನ್ನು ನಮ್ಮ ದರದಿಂದ ಗುಣಿಸಿ, ಇಗೋ ಉಳಿತಾಯ. ನಾವು ಆ ಲೆಕ್ಕ ಬದಿಗಿಟ್ಟೆವು. ಸರ್ವರ್ ಎಣಿಸುವ ಬದಲು ಸಾಫ್ಟ್‌ವೇರ್‌ಗಳ ಪಟ್ಟಿ ಮಾಡಿದೆವು. ಬಿಲ್ಲಿಂಗ್, ಆನ್‌ಲೈನ್ ಪಾವತಿ, 1912 ದೂರು ವ್ಯವಸ್ಥೆ, ಹೊಸ ಸಂಪರ್ಕದ ಅರ್ಜಿ, ಕಂಬ, ಲೈನ್ ಎಲ್ಲಿವೆ ಅಂತ ತೋರಿಸುವ ಜಿಐಎಸ್ ನಕ್ಷೆ, ಸಂಬಳ-ಪಿಂಚಣಿ, ಸ್ಟೋರ್ಸ್, ಸಬ್‌ಸ್ಟೇಷನ್‌ಗಳನ್ನು ದೂರದಿಂದ ನಿಯಂತ್ರಿಸುವ ಸ್ಕಾಡಾ. ಪ್ರತಿಯೊಂದಕ್ಕೂ ಅದರ ಕೆಟ್ಟ ದಿನ ಯಾವುದು, ಎಷ್ಟು ಹೊತ್ತು ನಿಂತರೆ ಸಹಿಸಬಹುದು, ಅದರ ಜೊತೆ ಯಾರ್‍ಯಾರು ಮಾತಾಡುತ್ತಾರೆ ಅಂತ ಕೇಳಿದೆವು. ಇಡೀ ಕಂಪನಿಗೆ ಒಂದೇ ಉತ್ತರ ಸಿಗುವುದಿಲ್ಲ ಅನ್ನೋದು ಈ ಪಟ್ಟಿ ತುಂಬುವಾಗಲೇ ಗೊತ್ತಾಯಿತು.

ಕೆಟ್ಟ ದಿನದ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಕೊಟ್ಟದ್ದು 1912. ಏಪ್ರಿಲ್-ಮೇ ತಿಂಗಳ ಸಂಜೆ ಗಾಳಿ-ಮಳೆ ಶುರುವಾಯಿತು ಅಂದರೆ ಮರ ಬಿದ್ದು ಲೈನ್ ಹರಿಯುತ್ತದೆ, ಊರಿಗೆ ಕರೆಂಟ್ ಒಯ್ಯುವ ಫೀಡರ್‌ಗಳು ಒಂದರ ಹಿಂದೆ ಒಂದು ಟ್ರಿಪ್ ಆಗುತ್ತವೆ. ಆ ಒಂದೆರಡು ಗಂಟೆಯಲ್ಲಿ ಬರುವ ಕರೆ, ಆ್ಯಪ್ ದೂರು, ವಾಟ್ಸ್‌ಆ್ಯಪ್ ಸಂದೇಶಗಳು ಮಾಮೂಲಿ ದಿನದ ಹಲವು ಪಟ್ಟು. ಆ ಸಂಜೆಗಳಿಗೆ ಸಾಲುವಷ್ಟು ಸರ್ವರ್ ಕೊಂಡರೆ ಉಳಿದ ವರ್ಷವೆಲ್ಲ ಅವು ಸುಮ್ನೆ ಬಿಸಿಯಾಗುತ್ತಾ ಕೂತಿರುತ್ತವೆ. ಕೊಳ್ಳದಿದ್ದರೆ ಜನರಿಗೆ ನಾವು ಬೇಕಾದ ಹೊತ್ತಿಗೇ ದೂರು ವ್ಯವಸ್ಥೆ ಮಕಾಡೆ ಮಲಗುತ್ತದೆ. ಇಂಥ ಏರಿಳಿತಕ್ಕೆ ಕ್ಲೌಡ್ ಹೇಳಿ ಮಾಡಿಸಿದ್ದು. ಇದರ ಮೇಲೆ ನಮ್ಮಲ್ಲಿ ಜಾಸ್ತಿ ಚರ್ಚೆಯೇ ಆಗಲಿಲ್ಲ.

ಬಿಲ್ಲಿಂಗ್ ಹಾಗಲ್ಲ. ಅದರ ಏರಿಳಿತವೂ ದೊಡ್ಡದೇ. ತಿಂಗಳ ಮೊದಲ 15 ದಿನ ಮೀಟರ್ ರೀಡರ್‌ಗಳು ಊರೂರು ಸುತ್ತುತ್ತಾರೆ. ಬೆಳಿಗ್ಗೆ ಆರ್‌ಆರ್ ನಂಬರ್‌ಗಳ (ಪ್ರತಿ ಸಂಪರ್ಕದ ಗುರುತಿನ ಸಂಖ್ಯೆಗಳ) ಪಟ್ಟಿ ಅವರ ಕೈಯ ಬಿಲ್ಲಿಂಗ್ ಮಷಿನ್‌ಗೆ ಇಳಿಯುತ್ತದೆ, ಸಂಜೆ ರೀಡಿಂಗ್ ವಾಪಸ್ ಏರುತ್ತದೆ. ಹದಿನೈದರ ನಂತರ ಸದ್ದಿಲ್ಲ. ಆದರೆ ಈ ಏರಿಳಿತ ಮೊದಲೇ ಗೊತ್ತಿರುವಂಥದ್ದು, ಪ್ರತಿ ತಿಂಗಳೂ ಅದೇ. ಅದಕ್ಕೆ ತಕ್ಕ ಸರ್ವರ್ ಕೊಂಡಿಡುವುದು ದಡ್ಡತನ ಏನಲ್ಲ.

ಇನ್ನು, ಬಿಲ್ಲಿಂಗ್ ಜೊತೆ ಯಾರು ಮಾತಾಡುತ್ತಾರೆ ಅಂತ ಹುಡುಕಲು ಹೋದಾಗ ಒಂದು ವಿಷಯ ಸಿಕ್ಕಿತು. ಹಳೆಯ ಸ್ಪಾಟ್ ಬಿಲ್ಲಿಂಗ್ ಮಷಿನ್‌ಗಳಲ್ಲಿ ಸರ್ವರ್‌ನ ಹೆಸರಿರಲಿಲ್ಲ, ಅಂಕಿಗಳ ಐಪಿ ವಿಳಾಸವನ್ನೇ ನೇರವಾಗಿ ಬರೆದಿದ್ದರು. ಅಂದರೆ ಸರ್ವರ್ ಕ್ಲೌಡ್‌ಗೆ ಹೋಗಿ ವಿಳಾಸ ಬದಲಾದರೆ, ಪ್ರತಿ ಉಪವಿಭಾಗದ ಪ್ರತಿ ಮಷಿನ್‌ ಅನ್ನೂ ವಾಪಸ್ ತರಿಸಿ ಹೊಸ ಪ್ರೋಗ್ರಾಂ ಹಾಕಬೇಕು. ಅದೂ 16ನೇ ತಾರೀಖಿನಿಂದ ತಿಂಗಳ ಕೊನೆಯೊಳಗೆ. ಒಂದು ಮಷಿನ್ ತಪ್ಪಿದರೆ ಆ ಮೀಟರ್ ರೀಡರ್ 1ನೇ ತಾರೀಖು ಬೀದಿಯಲ್ಲಿ ನಿಂತು ಫೋನ್ ಮಾಡುತ್ತಾನೆ. ಯಾವ ಸ್ಲೈಡ್ ಶೋನಲ್ಲೂ ಇದರ ಖರ್ಚು ಇರಲಿಲ್ಲ. ಕ್ಲೌಡ್ ನಿರ್ಧಾರ ಏನೇ ಆಗಲಿ, ಐಪಿ ತೆಗೆದು ಡಿಎನ್‌ಎಸ್ ಹೆಸರು (ವಿಳಾಸ ಬದಲಾದರೂ ಬದಲಾಗದ ಹೆಸರು) ಹಾಕುವ ಕೆಲಸವನ್ನು ಆಗಲೇ ಶುರು ಮಾಡಿಸಿದೆವು.

ಸ್ಕಾಡಾ ಬಗ್ಗೆ ಒಂದೇ ಮಾತು: ಇಲ್ಲ. ಸಬ್‌ಸ್ಟೇಷನ್‌ನ ಬ್ರೇಕರ್ ತೆರೆದು ಕರೆಂಟ್ ಕಡಿಯುವ, ಮುಚ್ಚಿ ಮತ್ತೆ ಕೊಡುವ ವ್ಯವಸ್ಥೆ ಇದು. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರಲ್ಲಿ ತಂದ ಸೈಬರ್ ಸುರಕ್ಷತಾ ಮಾರ್ಗಸೂಚಿಯೂ ಇಂಥ ವ್ಯವಸ್ಥೆ ಇಂಟರ್ನೆಟ್ ಕಡೆ ಮುಖ ಮಾಡಿದ ಕಂಪ್ಯೂಟರ್‌ಗಳಿಂದ ದೂರ ಇರಬೇಕು ಅನ್ನುತ್ತದೆ. 2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಮೂರು ವಿತರಣಾ ಕಂಪನಿಗಳ ಬ್ರೇಕರ್‌ಗಳನ್ನು ಹ್ಯಾಕರ್‌ಗಳು ದೂರದಿಂದಲೇ ತೆರೆದರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಅಲ್ಲಿ ಕ್ಲೌಡ್ ಇರಲಿಲ್ಲ ನೋಡಿ. ಅವರು ನುಗ್ಗಿದ್ದು ಆಫೀಸಿನ ಇಮೇಲ್‌ನಿಂದ, ಅಲ್ಲಿಂದ ಕಂಟ್ರೋಲ್ ರೂಮ್‌ಗೆ ದಾರಿ ಮಾಡಿಕೊಂಡರು. ಹಾಗಾಗಿ ಸ್ಕಾಡಾ ನಮ್ಮ ಕಟ್ಟಡದಲ್ಲೇ ಇದೆ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂತೇನೂ ಅಲ್ಲ. ಆಫೀಸಿನ ನೆಟ್‌ವರ್ಕ್‌ಗೂ ಅದಕ್ಕೂ ನಡುವೆ ಇರುವ ಪ್ರತಿ ಸಂಪರ್ಕವನ್ನೂ ಪಟ್ಟಿಯಲ್ಲಿ ಬೇರೆಯಾಗಿ ಬರೆಸಿದೆವು.

ಆಮೇಲೆ ದುಡ್ಡು. ಇಲ್ಲಿ ಎರಡು ವಿಷಯ ಲೆಕ್ಕವನ್ನೇ ತಲೆಕೆಳಗು ಮಾಡಿದವು.

ಮೊದಲನೆಯದು ಡೇಟಾಬೇಸ್ ಲೈಸೆನ್ಸ್. ನಮ್ಮ ಬಿಲ್ಲಿಂಗ್ ಓಡುವುದು ಒರಾಕಲ್ ಡೇಟಾಬೇಸ್ ಮೇಲೆ. ನಮ್ಮದೇ ಸರ್ವರ್‌ನಲ್ಲಿ ಓಡಿಸಿದರೆ ಸಾಮಾನ್ಯ ಇಂಟೆಲ್ ಪ್ರೊಸೆಸರ್‌ನ ಎರಡು ಕೋರ್‌ಗೆ (ಲೆಕ್ಕ ಮಾಡುವ ಘಟಕಕ್ಕೆ) ಒಂದು ಲೈಸೆನ್ಸ್ ಸಾಕು. ಅದನ್ನೇ ಅಮೆಜಾನ್ ಅಥವಾ ಮೈಕ್ರೋಸಾಫ್ಟ್ ಕ್ಲೌಡ್‌ಗೆ ಒಯ್ದರೆ ಆ ರಿಯಾಯಿತಿ ಲೆಕ್ಕಕ್ಕಿಲ್ಲ. ಅಲ್ಲಿ ಎರಡು ವಿಸಿಪಿಯುಗೆ ಒಂದು ಲೈಸೆನ್ಸ್. ವಿಸಿಪಿಯು ಅಂದರೆ ಕ್ಲೌಡ್‌ನವರ ಪ್ರೊಸೆಸರ್ ಅಳತೆ, ಸಾಮಾನ್ಯವಾಗಿ ಅರ್ಧ ಕೋರ್. ಎರಡು ಕೋರ್‌ನ ಕೆಲಸಕ್ಕೆ ನಾಲ್ಕು ವಿಸಿಪಿಯು ಬೇಕು, ಅಂದರೆ ಎರಡು ಲೈಸೆನ್ಸ್. ಅಷ್ಟೇ ಕೆಲಸಕ್ಕೆ ಲೈಸೆನ್ಸ್ ದುಪ್ಪಟ್ಟು. ಸರ್ವರ್ ಬಾಡಿಗೆ ಎಷ್ಟು ಅಗ್ಗವಾದರೂ ಈ ಹೊಡೆತ ತುಂಬಿಬರಲಿಲ್ಲ. ಲೈಸೆನ್ಸ್ ಶುಲ್ಕವಿಲ್ಲದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬದಲಾಗೋಣ ಅಂದರು ನಮ್ಮ ಹುಡುಗರು. ಒಳ್ಳೆಯದೇ. ಆದರೆ ವರ್ಷಾನುಗಟ್ಟಲೆಯಿಂದ ಟ್ಯಾರಿಫ್ (ದರ) ನಿಯಮಗಳೆಲ್ಲ ಡೇಟಾಬೇಸ್ ಒಳಗಿನ ಪ್ರೊಸೀಜರ್‌ಗಳಲ್ಲೇ (ಸಣ್ಣ ಪ್ರೋಗ್ರಾಂಗಳಲ್ಲೇ) ಬೆಳೆದು ಕೂತಿವೆ. ನೀರಾವರಿ ಪಂಪ್‌ಸೆಟ್, ತಾತ್ಕಾಲಿಕ ಸಂಪರ್ಕ, ಸೋಲಾರ್ ನೆಟ್ ಮೀಟರಿಂಗ್, 2023ರ ಆಗಸ್ಟ್‌ನಿಂದ ಗೃಹಜ್ಯೋತಿಯ ಸರಾಸರಿ ಮೇಲೆ ಶೇ 10 ಲೆಕ್ಕ. ಇದನ್ನೆಲ್ಲ ಬೇರೆ ಡೇಟಾಬೇಸ್‌ನಲ್ಲಿ ಬರೆದು, ಹಳೆಯ ಬಿಲ್‌ಗೂ ಹೊಸ ಬಿಲ್‌ಗೂ ಪೈಸೆ ಪೈಸೆ ತಾಳೆ ನೋಡುವುದು ತಾನೇ ಒಂದು ಯೋಜನೆ. ಕ್ಲೌಡ್ ಬಾಲಕ್ಕೆ ಕಟ್ಟುವಂಥದ್ದಲ್ಲ.

ಎರಡನೆಯದು ನಮಗೆ ಐಟಿಯವರಿಗೆ ಹೊಳೆದಿರಲೇ ಇಲ್ಲ, ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಎತ್ತಿದರು. ಸರ್ವರ್ ಕೊಂಡರೆ ಅದು ಬಂಡವಾಳ ವೆಚ್ಚ. ವಿದ್ಯುತ್ ದರ ನಿಗದಿಗೆ ನವೆಂಬರ್ ಕೊನೆಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ಮುಂದೆ ಹೋಗುತ್ತೇವಲ್ಲ, ಆಗ ಅದರ ಸವಕಳಿ, ಸಾಲದ ಬಡ್ಡಿ, ಷೇರು ಬಂಡವಾಳದ ಮೇಲಿನ ಲಾಭ ಎಲ್ಲವನ್ನೂ ಕೇಳಬಹುದು. ಕ್ಲೌಡ್ ಬಿಲ್ ಹಾಗಲ್ಲ, ಅದು ತಿಂಗಳ ಖರ್ಚು, ನಿರ್ವಹಣಾ ವೆಚ್ಚದ ಡಬ್ಬಿಗೆ ಬೀಳುತ್ತದೆ. ಆ ಡಬ್ಬಿಯ ಗಾತ್ರವನ್ನು ಆಯೋಗ ಹಣದುಬ್ಬರ, ಗ್ರಾಹಕರ ಸಂಖ್ಯೆಯ ಏರಿಕೆ ನೋಡಿ ಸೂತ್ರದಂತೆ ನಿಗದಿ ಮಾಡುತ್ತದೆ. ಕ್ಲೌಡ್ ಬಿಲ್ ಸೇರಿ ಅದು ತುಂಬಿ ಹರಿದರೆ, ಹರಿದದ್ದು ಕಂಪನಿಯ ಕೈಯಿಂದ. ಐದು ವರ್ಷದಲ್ಲಿ ಕ್ಲೌಡ್ ನಿಜಕ್ಕೂ ಅಗ್ಗ ಅಂತಾದರೂ ಕಂಪನಿಗೆ ಅದು ನಷ್ಟವಾಗಿ ಕಾಣಬಹುದು. ಇದು ನಮ್ಮ ಊರಿನ ವಿಚಿತ್ರ ಮಾತ್ರ ಅಲ್ಲ. ಅಮೆರಿಕದ ರಾಜ್ಯ ನಿಯಂತ್ರಕರ ಸಂಘಟನೆ ನರುಕ್ 2016ರಲ್ಲೇ ಈ ಭೇದ ಸರಿಪಡಿಸುವ ಬಗ್ಗೆ ಯೋಚಿಸಿ ಅಂತ ನಿರ್ಣಯ ಮಾಡಿತ್ತು. ನನ್ನ ಅಭಿಪ್ರಾಯ ಕೇಳಿದರೆ, ವಿದ್ಯುತ್ ಕಂಪನಿಗಳು ಕ್ಲೌಡ್‌ಗೆ ಹೋಗಲು ಹಿಂಜರಿಯುವುದಕ್ಕೆ ಭದ್ರತೆಯ ಭಯಕ್ಕಿಂತ ಇದೇ ದೊಡ್ಡ ಕಾರಣ. ಭದ್ರತೆ ಅಂದರೆ ಸಭೆಯಲ್ಲಿ ಮರ್ಯಾದೆಯ ಮಾತು, ಅಷ್ಟೇ.

ಜಿಎಸ್‌ಟಿ ಕೂಡ ಮರೆಯುವಂತಿಲ್ಲ. ವಿದ್ಯುತ್ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಕ್ಲೌಡ್ ಬಿಲ್ ಮೇಲಿನ ಶೇ 18 ವಾಪಸ್ ಪಡೆಯುವ ದಾರಿಯೂ ಇಲ್ಲ. ಕೆಲವು ಮಾರಾಟದವರು ತೆರಿಗೆ ಬಿಟ್ಟ ಬೆಲೆಯನ್ನೇ ತೋರಿಸಿದ್ದರು.

ಟೆಂಡರ್ ಕರೆಯುವುದು ಇನ್ನೊಂದು ತಲೆನೋವು. ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ ಪ್ರಕಾರ ಎಷ್ಟು ವಸ್ತು, ಯಾವ ದರ ಅಂತ ಬರೆದು ಕಡಿಮೆ ಬೆಲೆಯವರನ್ನು ಆರಿಸಬೇಕು. ಕ್ಲೌಡ್‌ನ ಮಜಾ ಇರುವುದೇ ಬಳಸಿದಷ್ಟಕ್ಕೆ ದುಡ್ಡು ಅನ್ನೋದರಲ್ಲಿ. ಎಷ್ಟು ಬಳಸುತ್ತೀರಿ ಅಂತ ಮೊದಲೇ ಬರೆದುಕೊಡಿ ಅಂದರೆ ಹೇಗೆ? ಕೊನೆಗೆ ಒಂದು ಸಾಮಾನ್ಯ ತಿಂಗಳು, ಒಂದು ಗಾಳಿ-ಮಳೆಯ ತಿಂಗಳು ಅಂತ ಎರಡು ಮಾದರಿ ಬಳಕೆ ಮಾಡಿ, ಎರಡಕ್ಕೂ ಬೆಲೆ ಕೇಳುವುದು ಅಂತಾಯಿತು. ಡೇಟಾ ಹೊರಗೆ ತರುವ ಶುಲ್ಕವನ್ನೂ ಅದರೊಳಗೇ ಸೇರಿಸಿದೆವು. ಒಳಗೆ ಹಾಕಲು ಸಾಮಾನ್ಯವಾಗಿ ದುಡ್ಡಿಲ್ಲ, ಹೊರಗೆ ತೆಗೆಯಲು ಇದೆ. ಒಪ್ಪಂದ ಮುಗಿದ ದಿನ ಇಡೀ ಗ್ರಾಹಕರ ದಾಖಲೆ ಯಾವ ರೂಪದಲ್ಲಿ, ಯಾರ ಖರ್ಚಿನಲ್ಲಿ ನಮ್ಮ ಕೈಗೆ ಬರಬೇಕು ಅನ್ನೋದನ್ನು ಟೆಂಡರ್‌ನಲ್ಲೇ ಬರೆಸಿದೆವು.

ಕಾನೂನಿನ ಕಡೆ ಹೆಚ್ಚು ಗೊಂದಲ ಇರಲಿಲ್ಲ. ಕೇಂದ್ರದ ಐಟಿ ಸಚಿವಾಲಯದ ಪಟ್ಟಿಯಲ್ಲಿರುವ ಕ್ಲೌಡ್ ಆಗಿರಬೇಕು, ದತ್ತಾಂಶ ಭಾರತದೊಳಗೇ ಇರಬೇಕು. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಕಂಪ್ಯೂಟರ್‌ನ ಚಟುವಟಿಕೆ ದಾಖಲೆಗಳನ್ನು) 180 ದಿನ ಇಡಬೇಕು. ಕ್ಲೌಡ್‌ನವರು ಸರ್ವರ್ ಕಾಯುತ್ತಾರೆ. ಪಾಸ್‌ವರ್ಡ್, ಯಾರಿಗೆ ಏನು ಅನುಮತಿ, ಲಾಗ್ ಓದುವುದು ಎಲ್ಲ ನಮ್ಮ ತಲೆ ಮೇಲೆಯೇ. ರಾತ್ರಿ ಎರಡು ಗಂಟೆಗೆ ಆ 6 ಗಂಟೆಯ ಗಡಿಯಾರ ಶುರುವಾದರೆ ಎದ್ದು ಕೂರುವವರು ಯಾರು? ಪಟ್ಟಿಯ ಆ ಕಾಲಂನಲ್ಲಿ ಹುದ್ದೆಯ ಹೆಸರು ತುಂಬುವವರೆಗೂ ನಾವು ಯಾವ ಸಾಫ್ಟ್‌ವೇರ್ ಮುಂದೆಯೂ ‘ಹೋಗಬಹುದು’ ಅಂತ ಬರೆಯಲಿಲ್ಲ.

ನಮ್ಮ ವರದಿ ಕೊನೆಗೆ ಹೀಗಿತ್ತು. 1912, ಗ್ರಾಹಕರ ಆ್ಯಪ್ ಮತ್ತು ವೆಬ್‌ಸೈಟ್, ಹೊಸ ಸಂಪರ್ಕದ ಅರ್ಜಿ ಕ್ಲೌಡ್‌ಗೆ. ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಸರ್ವರ್‌ಗಳೂ ಅಲ್ಲಿಗೇ, ರಾತ್ರಿ ಮತ್ತು ಭಾನುವಾರ ಆಫ್ ಮಾಡಿದರೆ ಬಿಲ್ ಇಳಿಯುತ್ತದೆ. ಬಿಲ್ಲಿಂಗ್ ನಮ್ಮ ಡೇಟಾ ಸೆಂಟರ್‌ನಲ್ಲೇ ಹೊಸ ಸರ್ವರ್ ಮೇಲೆ, ಅದರ ಬ್ಯಾಕಪ್ ಪ್ರತಿ ಮಾತ್ರ ಬೇರೆ ಭೂಕಂಪ ವಲಯದ ಕ್ಲೌಡ್‌ನಲ್ಲಿ. ಸ್ಕಾಡಾ ಇದ್ದಲ್ಲೇ. ಬ್ಯಾಕಪ್ ಇದೆ ಅಂದರೆ ಸಾಲದು, ಅದರಿಂದ ಒಂದು ಉಪವಿಭಾಗದ ಬಿಲ್ ಪೂರ್ತಿ ತೆಗೆದು ತೋರಿಸಬೇಕು ಅಂತ ಷರತ್ತು ಹಾಕಿದೆವು. ಮೇಲಿನವರು ಒಪ್ಪಿದರು. ‘ಪೂರ್ತಿ ಕ್ಲೌಡ್’ ಅಂತ ಪತ್ರಿಕಾ ಹೇಳಿಕೆ ಕೊಡಲು ಕಾದಿದ್ದವರಿಗೆ ಸ್ವಲ್ಪ ಬೇಜಾರಾಯಿತು.

ಬಿಲ್ಲಿಂಗ್ ಪ್ರಶ್ನೆ ಮತ್ತೆ ಬರುತ್ತದೆ, ಅದಕ್ಕೆ ಕಾರಣ ಸ್ಮಾರ್ಟ್ ಮೀಟರ್. ಈಗ ಒಂದು ಮೀಟರ್‌ನಿಂದ ತಿಂಗಳಿಗೆ ಒಂದು ರೀಡಿಂಗ್. 15 ನಿಮಿಷಕ್ಕೊಂದು ಅಂತಾದರೆ ದಿನಕ್ಕೆ 96. ಹತ್ತು ಲಕ್ಷ ಮೀಟರ್ ಇದ್ದರೆ ದಿನಕ್ಕೆ 9.6 ಕೋಟಿ ದಾಖಲೆ. ಆ ದತ್ತಾಂಶ ಹೊರುವ ವ್ಯವಸ್ಥೆಯನ್ನು ಮೀಟರ್ ಹಾಕುವ ಗುತ್ತಿಗೆದಾರರು ಕ್ಲೌಡ್‌ನಲ್ಲೇ ಇಡುತ್ತಾರೆ, ದೇಶದ ಬಹಳ ಕಡೆ ಹಾಗೇ ನಡೆದಿದೆ. ಆಗ ಬಿಲ್ಲಿಂಗ್ ಇಲ್ಲಿ, ರೀಡಿಂಗ್ ಅಲ್ಲಿ. ಲೈಸೆನ್ಸ್ ನವೀಕರಣಕ್ಕೆ ಬರುವ ಹೊತ್ತಿಗೆ ಇದೇ ಪಟ್ಟಿಯನ್ನು ಮತ್ತೊಮ್ಮೆ ತುಂಬಬೇಕು. ಅಷ್ಟರೊಳಗೆ ಟ್ಯಾರಿಫ್ ನಿಯಮಗಳನ್ನು ಡೇಟಾಬೇಸ್‌ನಿಂದ ಹೊರಗೆ ತೆಗೆಯುವ ಕೆಲಸ ಶುರುವಾಗಿದೆ, ಮೊದಲಿಗೆ ತಾತ್ಕಾಲಿಕ ಸಂಪರ್ಕದ ಲೆಕ್ಕ ಎತ್ತಿಕೊಂಡಿದ್ದೇವೆ.